ಎರಡು ಸಲ ಬರೆದ ಸಾಲು

ಛಂದಸ್ಸಿನ ವಿಷಯದಲ್ಲಿ ಮಲ್ಲಿಕಾರ್ಜುನಪ್ಪ ಮೇಷ್ಟ್ರು ದೇವರೇ ಬಂದರೂ ಗಣ ಎಣಿಸಿ ಒಳಗೆ ಬಿಡುವ ಪೈಕಿ. ತೊಂಬತ್ತೇಳರಲ್ಲಿ ಚಳ್ಳಕೆರೆ ಕಾಲೇಜಿನ ಬಿ.ಎ. ಕೊನೆಯ ವರ್ಷದವರೆಲ್ಲ ತಮ್ಮೂರಿನ ಒಂದು ಹಾಡು ಬರೆದು, ಅದರ ಛಂದಸ್ಸು, ಭಾವ ವಿವರಿಸಬೇಕಿತ್ತು. ಮೇಷ್ಟ್ರ ಸಹಿ ಇಲ್ಲದಿದ್ದರೆ ಪರೀಕ್ಷೆಯಿಲ್ಲ. ಅವತ್ತೇ ಕಡೇ ದಿನ. ದೊಡ್ಡಉಳ್ಳಾರ್ತಿಯ ಶಾಂತಕುಮಾರಿ ಮೇಜಿನ ಮುಂದೆ ಬೆವರುತ್ತಾ ನಿಂತಿದ್ದಳು. ಕುರಿ ಕಾಯುವವರ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಒಂದು ವರ್ಷ ಕೈತಪ್ಪಿದರೆ ಮತ್ತೆ ಕಳಿಸುವವರಿಲ್ಲ.

ಮೇಷ್ಟ್ರು ಹಾಡನ್ನು ಗಟ್ಟಿಯಾಗಿ ಓದಿದರು:

ಹಟ್ಟೀಯ ಮುಂದೀನ ಹೊಂಗೆಲ್ಲ ಚಿಗುರ್ಯಾವೆ
ಪುಟ್ಟಮರಿ ಕುಣಿದು ಬಂದಾವೆ
ಪುಟ್ಟಮರಿ ಕುಣಿದು ಬಂದಾವೆ ನನಕಂದ
ತೊಟ್ಟೀಲ ಬಿಟ್ಟು ಎದ್ದಿಲ್ಲ

“ತ್ರಿಪದಿ ಅಂತ ಬರ್ದಿದೀಯ. ಮೂರು ಸಾಲಿರಬೇಕು, ನಾಲ್ಕು ಎಲ್ಲಿಂದ ಬಂತು? ಹಾಡೋರು ಎರಡು ಸಲ ಎಳೀತಾರೆ, ಗೊತ್ತು. ಬರೆಯೋರು ಎಳೀಬಾರ್ದು. ಇನ್ನು ಭಾವ ಶೋಕವಂತೆ! ಹೊಂಗೆ ಚಿಗುರೈತೆ, ಮರಿ ಕುಣೀತೈತೆ, ಕೂಸು ಮಲಗೈತೆ. ಶೋಕ ಎಲ್ಲೈತೆ? ಎರಡು ಸಲ ಬಂದ ಸಾಲು ಒಂದು ಹೊಡೆದುಹಾಕು, ವಾತ್ಸಲ್ಯ ಅಂತ ಬರಿ. ಈಗ್ಲೇ ಸಹಿ ಹಾಕ್ತೀನಿ.”

ಪೆನ್ನು ಅವಳ ಕೈಯಲ್ಲೇ ಇತ್ತು. ಒಂದು ಗೀಟು ಎಳೆದರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಬುದ್ಧಿ ಬಂದಾಗಿನಿಂದ ಅವ್ವ ಆ ಸಾಲನ್ನು ಒಂದೇ ಸಲ ಹಾಡಿ ಬಿಟ್ಟದ್ದಿಲ್ಲ. ಹಾಡಿದ ಮೇಲೆ ಕಣ್ಣೊರೆಸಿಕೊಳ್ಳದೆ ಇದ್ದದ್ದೂ ಇಲ್ಲ. ಯಾಕವ್ವ ಎಂದರೆ ಒಲೆಯ ಹೊಗೆ ಎನ್ನುತ್ತಿದ್ದಳು.

“ಹೊಡೆಯಲ್ಲ ಸಾರ್,” ಎಂದಳು. ತನ್ನ ದನಿಗೆ ತಾನೇ ಹೆದರಿದಳು.

ಮೇಷ್ಟ್ರ ಮುಖ ಕೆಂಪೇರಿತು. “ಹಾಡಿದೋರು ಯಾರು?”

“ನಮ್ಮವ್ವ. ಕಂಬಳಿ ಮಾರಾಕೆ ಬಂದೈತೆ, ಗೇಟಿನ ಹತ್ರ ಕುಂತೈತೆ.”

“ಕರಿ. ಅವರ ಬಾಯಲ್ಲೇ ಕೇಳ್ತೀನಿ.”

ಪಾತಮ್ಮ ಕಂಬಳಿಯ ಗಂಟನ್ನು ಬಾಗಿಲಲ್ಲಿಟ್ಟು ಒಳಗೆ ಬಂದಳು. ಹಾಡು ಎಂದರೆ ಮೊದಲು ಒಲ್ಲೆ ಎಂದಳು. ಮಗಳ ಮುಖ ನೋಡಿದ ಮೇಲೆ ಗೋಡೆಯ ಕಡೆ ತಿರುಗಿ ಶುರುಮಾಡಿದಳು. ಮರಿಗಳ ಸಾಲು ಬಂತು, ಮತ್ತೆ ಬಂತು. ಕೊನೆಯ ಸಾಲು ಅರ್ಧಕ್ಕೇ ನಿಂತಿತು.

“ಆ ಸಾಲು ಒಂದೇ ಸಲ ಹಾಡ್ರಮ್ಮ,” ಎಂದರು ಮೇಷ್ಟ್ರು.

“ಆಗಲ್ಲ ಸ್ವಾಮಿ. ಇವ್ಳಿಗಿಂತ ಮುಂಚೆ ಒಂದು ಹೆಣ್ಣು ಕೂಸಿತ್ತು. ಬೆಳಿಗ್ಗೆ ಎಬ್ಬಿಸಾಕೆ ಹೋದ್ರೆ ಏಳ್ಲಿಲ್ಲ. ಹಾಡಿನ ಕಡೇ ಮಾತು ಬಾಯಿಗೆ ಬಂದ್ರೆ ಅದು ಇನ್ನೊಂದ್ಸಲ ಸತ್ತಂಗೆ. ಅದುಕ್ಕೇ ಮರಿ ಮತ್ತೆ ಕುಣಿಸ್ತೀನಿ. ಅಷ್ಟೊತ್ತು ಕೂಸು ಇರ್ತೈತಲ್ಲ.”

ಮೇಷ್ಟ್ರು ಒಂದಕ್ಷರವನ್ನೂ ಹೊಡೆಯದೆ ಸಹಿ ಹಾಕಿದರು. ಶಾಂತಕುಮಾರಿ ಅತ್ತ ನೋಡಲೇ ಇಲ್ಲ. ತನಗೊಬ್ಬಳು ಅಕ್ಕ ಇದ್ದದ್ದು ಗೊತ್ತಿಲ್ಲದೆ ಎಷ್ಟು ವರ್ಷ ಆ ಹಾಡು ಕೇಳುತ್ತಾ ನಿದ್ದೆ ಹೋಗಿದ್ದಳು!

“ಅವ್ವ, ಅವಳ ಹೆಸರೇನು?” ಎಂದಳು.