ಬೆರಳಿಗೆ ಸಿಗುವ ಸ್ಕ್ರೂ

ಉರುಳಿತು, ಅಲ್ಮೇರಾದ ಕೆಳಗೇ ಹೋಯಿತು, ಟಿಣ್ ಎಂದು ಗೋಡೆಗೆ ಬಡಿದು ಸುಮ್ಮನಾಯಿತು, ಹೋಗಲಿ, ಹಾಳಾಗಿ ಹೋಗಲಿ, ಅವಳಂತೂ ಬಗ್ಗುವುದಿಲ್ಲ, ಆ ಹಳೇ ಸ್ಕ್ರೂಗೋಸ್ಕರ ಮಂಡಿ ಊರಿ ನೆಲವೆಲ್ಲ ತಡಕಾಡುವ ಕಾಲ ಮುಗಿಯಿತು — ಕಡಲೆಕಾಳಿನಷ್ಟು ತಲೆ, ಅಷ್ಟು ತಲೆಗೇ ಎಷ್ಟು ಕೊಬ್ಬು, ನಡುವೆ ಆರು ಮೂಲೆಯ ತೂತು, ಆ ತೂತಿಗೆ ತೂರಿಸಲು ಬೆಂಕಿಕಡ್ಡಿ ಗಾತ್ರದ ಬಾಗಿದ ಕಡ್ಡಿ, ಅದಿಲ್ಲದೆ ಮಹಾಶಯ ಅಲುಗುವುದೇ ಇಲ್ಲ. ಕಡ್ಡಿಯ ಹೆಸರು ಅಲನ್ ಕೀ, ಅಳಿಯನ ಚೀಲದಲ್ಲಿ ಅಂಥವು ಹನ್ನೊಂದಿವೆ, ಅವಳ ಗೆಣ್ಣುಗಳಿಗೆ ಒಂದೂ ಒಗ್ಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಕೂತವಳು, ಕಡ್ಡಿಯನ್ನು ಇಕ್ಕಳಕ್ಕೆ ಕಚ್ಚಿಸಿ ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದು ಮೂರು ಸ್ಕ್ರೂ ಬಿಚ್ಚುವ ಹೊತ್ತಿಗೆ ಒಂದೂವರೆ, ಊಟವಿಲ್ಲ, ಬೆನ್ನು ಸೆಟೆದಿದೆ, ಇರಲಿ, ಇದೇ ಕೊನೆ, ಇನ್ನು ಮೇಲೆ ಈ ಮನೆಯಲ್ಲಿ ಕನ್ನಡಿ ತಿರುಗಿಸುವುದಕ್ಕೆ ಕಡ್ಡಿಯೂ ಬೇಡ ಕಡ್ಡಿ ಹಿಡಿಯುವವರೂ ಬೇಡ. ಎರಡು ಕುರ್ಚಿಗಳ ಮೇಲೆ ಹಾಸಿದ ಕಂಬಳಿಯಲ್ಲಿ ಟೆಲಿಸ್ಕೋಪು ಅಡ್ಡ ಮಲಗಿದೆ, ಎಷ್ಟು ಸರಳ ವಸ್ತು, ಉದ್ದ ಕೊಳವೆ, ತಳದಲ್ಲಿ ಅಂಗೈಯಗಲ ಮೀರಿದ ಒಂದು ಕನ್ನಡಿ, ಕನ್ನಡಿಯ ಬೆನ್ನಿಗೆ ಮೂರು ಸ್ಕ್ರೂ, ಅವನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿದರೆ ಕನ್ನಡಿ ನೆಟ್ಟಗೆ ಕೂರುತ್ತದೆ, ಇಷ್ಟೇ ಕೆಲಸ, ಆದರೆ ಟೆಲಿಸ್ಕೋಪನ್ನು ಎತ್ತಿ ಇಳಿಸಿದಾಗಲೆಲ್ಲ ಮಾಡಲೇಬೇಕಾದ ಕೆಲಸ, ಅಷ್ಟು ಸಲವೂ ಅಳಿಯಂದಿರೇ ಸ್ವಲ್ಪ ಬರ್ತೀರಾ, ಭಾನುವಾರ ಬರ್ತೀನಿ ಅತ್ತೆ, ಭಾನುವಾರ ಮೋಡ. ಮೂವತ್ತೊಂದು ವರ್ಷ ಹಲ್ಲಿನ ಲ್ಯಾಬಿನಲ್ಲಿ ಕೂತು ಊರಿನ ಜನಕ್ಕೆ ಹಲ್ಲು ಕಟ್ಟಿಕೊಟ್ಟ ಬೆರಳುಗಳು, ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಅದರಲ್ಲಿ ಅರ್ಧ ನಗು ಅವಳ ಕೈಕೆಲಸ, ಈಗ ಗೆಣ್ಣುಗಳು ಊದಿಕೊಂಡು ಚಹಾ ಕಪ್ಪಿನ ಹಿಡಿಯೊಳಗೇ ತೂರುವುದಿಲ್ಲ. ದಪ್ಪ ತಲೆಯ ಹೊಸ ಸ್ಕ್ರೂ ಮಾಡಿಕೊಡು ಎಂದಾಗ ಲೇತಿನವನು ನಕ್ಕಿದ್ದ, ಇಷ್ಟು ದಪ್ಪ ತಲೆ ಯಾವ ಸ್ಕ್ರೂಗೆ ಇರುತ್ತಮ್ಮಾ, ಇದು ಸ್ಕ್ರೂನೋ ಡಬ್ಬಿ ಮುಚ್ಚಳಾನೋ, ಮುಚ್ಚಳಾನೇ ಅನ್ಕೊಳ್ಳಪ್ಪಾ, ಮುಚ್ಚಳ ತೆಗೆಯೋಕೆ ನನಗೆ ಇನ್ನೂ ಯಾರ ಸಹಾಯಾನೂ ಬೇಕಾಗಿಲ್ಲ, ಎಂದು ಚೀಲದಿಂದ ಮೇಣದ ಉಂಡೆ ತೆಗೆದು ಅವನ ಮೇಜಿನ ಮೇಲೆ ಇಟ್ಟಳು. ಲ್ಯಾಬಿನ ಗುಲಾಬಿ ಮೇಣ, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದಾಗ ತಾನೇ ಹಿಡಿದು ಅಚ್ಚು ತೆಗೆದದ್ದು, ಜನರ ದವಡೆಯ ಅಚ್ಚು ಎಷ್ಟು ಸಾವಿರ ನೋಡಿಲ್ಲ, ತನ್ನ ಬೆರಳಿನ ಅಚ್ಚು ಅದೇ ಮೊದಲು. ಇಲ್ಲಿ ಹೆಬ್ಬೆರಳು ಕೂರುತ್ತೆ, ಇಲ್ಲಿ ತೋರುಬೆರಳು, ಇಲ್ಲಿ ನಡುಬೆರಳು, ಈ ಗುಳಿಗಳು ಹಾಗೇ ಬರ್ಬೇಕು. ಲೇತಿನಲ್ಲಿ ಗುಳಿ ಬರಲ್ಲಮ್ಮಾ, ಎಂದ. ಉಂಡೆಯನ್ನು ತಿರುಗಿಸಿ ನೋಡಿದ, ಅವಳ ಕೈ ನೋಡಿದ, ಆಮೇಲೆ ನಗಲಿಲ್ಲ, ಗುಳಿಗಳನ್ನು ಅರದಲ್ಲಿ ಉಜ್ಜಿ ಕೈಯಲ್ಲೇ ತೆಗೆದುಕೊಟ್ಟ. ಮೂರು ಹಿತ್ತಾಳೆ ಸ್ಕ್ರೂಗಳು ಈಗ ಬಟ್ಟಲಿನಲ್ಲಿ ಕೂತಿವೆ.

ಟೆಲಿಸ್ಕೋಪು ಒಯ್ಯಲು ನಾಲ್ಕಕ್ಕೆ ಬರುತ್ತಾರೆ. ನಕ್ಷತ್ರ ನೋಡುವವರ ಸಂಘದ ಕಾರ್ಯದರ್ಶಿ, ಅವರ ಜೊತೆ ವ್ಯಾನು, ವ್ಯಾನಿಗೆ ದಾರಿ ತೋರಿಸಲು ಅಳಿಯ, ಎಷ್ಟು ಚೆನ್ನಾಗಿ ಏರ್ಪಾಡು ಮಾಡಿದ್ದಾರೆ, ಹೆಣ್ಣು ಕಳಿಸಿಕೊಡುವ ಮನೆಯಲ್ಲೂ ಇಷ್ಟು ಅಚ್ಚುಕಟ್ಟು ಇರುವುದಿಲ್ಲ. ಮಗಳು ವಿಷಯ ತೆಗೆದದ್ದೂ ಮೆತ್ತಗೆ, ಅಮ್ಮಾ, ಸುಮ್ನೆ ಮೂಲೇಲಿ ನಿಂತಿರುತ್ತೆ, ಸಂಘದಲ್ಲಿದ್ರೆ ಹತ್ತು ಜನ ನೋಡ್ತಾರೆ, ನಿನಗೆ ಬೇಕು ಅನ್ಸಿದಾಗ ನೀನೂ ಹೋಗಿ ನೋಡ್ಬಹುದು. ಹೋಗಿ ನೋಡಬಹುದಂತೆ! ಎಂಟು ತಿಂಗಳು ಬಾಲ್ಕನಿಯಲ್ಲಿ ಡ್ರಮ್ಮಿನ ಮೇಲೆ ಗಾಜಿಟ್ಟು, ಅದರ ಸುತ್ತ ಸುತ್ತಿ ಸುತ್ತಿ ಗಾಜಿನ ಮೇಲೆ ಗಾಜು ಉಜ್ಜಿ ಕನ್ನಡಿ ಮಾಡಿದ್ದು ಯಾರು, ಗಂಡ ಇದ್ದ ಕಾಲ ಅದು, ನನ್ನ ಮುಖ ಒಂದು ಸಲ ಹೀಗೆ ಸವರಿದ್ದೀಯೇನೇ ಎಂದು ಗೇಲಿ ಮಾಡುತ್ತಿದ್ದರು, ನಿಮ್ಮ ಮುಖಕ್ಕೆ ಎಷ್ಟು ಪಾಲಿಶ್ ಹಾಕಿದ್ರೂ ಅಷ್ಟೇ, ಎನ್ನುತ್ತಿದ್ದಳು, ಅದೇ ಕೆಂಪು ಪುಡಿ, ಲ್ಯಾಬಿನಲ್ಲಿ ಹಲ್ಲಿಗೆ ಹೊಳಪು ಕೊಡುವ ಪುಡಿ, ಉಗುರಿನ ಸಂದಿಯಿಂದ ವರ್ಷವಾದರೂ ಹೋಗಲಿಲ್ಲ. ಆದರೂ ಕೊಡಲು ಒಪ್ಪಿದವಳು ಅವಳೇ, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಬೇಡ. ಒಪ್ಪದೆ ಏನು ಮಾಡುವುದು, ಮೂರು ವರ್ಷದಿಂದ ನಕ್ಷತ್ರಗಳಿಗೆ ಮೂರು ಮೂಲೆ ಬಂದಿದೆ. ಸೂಜಿಮೊನೆಯ ಹಾಗೆ ಕಾಣಬೇಕಾದದ್ದು ಮೂರು ಕಡೆ ಎಳೆದುಕೊಂಡು, ಚೂಪಾಗಿ, ಯಾರೋ ಜಗ್ಗಿ ಹಿಡಿದ ಬಟ್ಟೆಯ ಹಾಗೆ. ಬಲಗಣ್ಣಲ್ಲೂ ಮೂರು ಮೂಲೆ ಎಡಗಣ್ಣಲ್ಲೂ ಮೂರು ಮೂಲೆ. ಮಗಳಿಗೆ ತೋರಿಸಿದಳು, ನನಗೇನೋ ಚೆನ್ನಾಗೇ ಕಾಣ್ತಿದೆಯಲ್ಲಮ್ಮಾ, ಥಳಥಳ ಅಂತಿದೆ, ಎಂದಳು, ಅವಳಿಗೇನು ಗೊತ್ತು ನಕ್ಷತ್ರ ಹೇಗಿರಬೇಕೆಂದು, ಹಾಗಾಗಿ ಮೂಲೆ ಇರುವುದು ತನ್ನ ಕಣ್ಣಲ್ಲೇ ಎಂದು ತೀರ್ಮಾನವಾಯಿತು. ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಅರವತ್ತೇಳಲ್ವೇನಮ್ಮಾ, ಈ ವಯಸ್ಸಲ್ಲಿ ಇಷ್ಟಾದ್ರೂ ಕಾಣುತ್ತಲ್ಲ, ಎಂದು ಹನಿಮದ್ದು ಬರೆದುಕೊಟ್ಟರು, ಹನಿ ಹಾಕಿದಳು, ಮೂಲೆ ಹೋಗಲಿಲ್ಲ, ಕಣ್ಣು ಉರಿಯಿತು ಅಷ್ಟೇ. ಸರಿ, ಕಣ್ಣು ಹೋಯಿತು, ಕೈ ಹೋಯಿತು, ಇನ್ನು ಇದನ್ನು ಇಟ್ಟುಕೊಂಡು ಏನು, ತಗೊಂಡು ಹೋಗಲಿ ಎಂದುಬಿಟ್ಟಳು. ಆದರೆ ಫೋನಿನಲ್ಲಿ ಕಾರ್ಯದರ್ಶಿ ಆ ಮಾತು ಆಡಬಾರದಿತ್ತು, ಕನ್ನಡಿ ಓರೆ ಆಗಿದ್ರೂ ಪರವಾಗಿಲ್ಲ ತಾಯಿ, ನಮ್ಮ ಹುಡುಗರು ಇಲ್ಲಿ ಸರಿ ಮಾಡ್ಕೊಳ್ತಾರೆ, ಪಾಪ ನಿಮಗೆಲ್ಲಿ ಆಗುತ್ತೆ. ಪಾಪ ಎಂಬ ಮಾತು ಕಿವಿಯಲ್ಲಿ ಕಲ್ಲಿನ ಹಾಗೆ ಕೂತಿತು. ನನ್ನ ಮನೆಯಿಂದ ಅದು ಓರೆಯಾಗಿ ಹೋಗೋದಿಲ್ಲ ಸ್ವಾಮಿ, ಎರಡು ವಾರ ಬಿಟ್ಟು ಬನ್ನಿ, ಎಂದಳು, ಫೋನಿಟ್ಟಳು, ನೆಟ್ಟಗೆ ಲೇತಿನವನ ಅಂಗಡಿಗೆ ಹೋದಳು.

ಈಗ ತಟ್ಟೆ ಹೊರಗೆ ಬರಬೇಕು, ಕನ್ನಡಿ ಕೂತಿರುವ ಲೋಹದ ತಟ್ಟೆ, ನಿಧಾನ, ಎರಡೂ ಅಂಗೈ ಆನಿಸಿ, ಬಂತು, ಮೂರು ಸ್ಪ್ರಿಂಗು ತೊಡೆಯ ಮೇಲೆ ಬಿದ್ದವು, ಬೀಳಲಿ. ತಟ್ಟೆಯನ್ನು ದಿಂಬಿನ ಮೇಲೆ ಮಲಗಿಸಿದಳು, ಕನ್ನಡಿಯಲ್ಲಿ ಮನೆಯ ಫ್ಯಾನು ತಲೆಕೆಳಗಾಗಿ ತಿರುಗುತ್ತಿದೆ, ಪಕ್ಕದಲ್ಲಿ ಅವಳ ಮೂಗು, ಎಷ್ಟು ದೊಡ್ಡ ಮೂಗಪ್ಪಾ, ಸ್ವಲ್ಪ ಧೂಳು, ಊದಬಾರದು, ಉಗುಳು ಹಾರುತ್ತದೆ, ಮೆತ್ತನೆ ಬ್ರಷ್ಷು ಎಲ್ಲಿಟ್ಟೆ — ಇದೇನಿದು. ಕನ್ನಡಿ ಜಾರದ ಹಾಗೆ ಅಂಚಿನಲ್ಲಿ ಮೂರು ಕ್ಲಿಪ್ಪು, ಕ್ಲಿಪ್ಪಿನಡಿ ರಬ್ಬರು, ಆ ರಬ್ಬರು ಹೀಗೆ ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬಿಕೊಂಡಿದೆ, ಬೂಟಿನಡಿ ಸಿಕ್ಕ ಹಣ್ಣಿನ ಸಿಪ್ಪೆಯ ಹಾಗೆ. ಕ್ಲಿಪ್ಪು ಕನ್ನಡಿಯನ್ನು ಮುಟ್ಟಲೂಬಾರದು, ಕಾಯಬೇಕು ಅಷ್ಟೇ, ನಡುವೆ ಒಂದು ಹಾಳೆ ಸಲೀಸಾಗಿ ಆಡಬೇಕು, ಹಾಳೆ, ಒಂದು ಹಾಳೆ, ಮೇಜಿನ ಮೇಲೆ ಸಿಕ್ಕಿದ್ದು ಕಣ್ಣಿನ ಡಾಕ್ಟರ ಚೀಟಿ, ಅದನ್ನೇ ತೂರಿಸಿದಳು, ಹೋಗಲಿಲ್ಲ, ಎರಡನೆಯದಕ್ಕೂ ಹೋಗಲಿಲ್ಲ, ಮೂರನೆಯದರಲ್ಲಿ ಚೀಟಿಯೇ ಮಡಚಿಕೊಂಡಿತು. ಮೂರು ಕ್ಲಿಪ್ಪು. ಮೂರು ಕಡೆಯಿಂದ ಅದುಮಿದ ಗಾಜು. ಮೂರು ಮೂಲೆ. ಕುರ್ಚಿ ಹಿಂದಕ್ಕೆ ಸರಿದದ್ದು ಅವಳಿಗೆ ತಿಳಿಯಲಿಲ್ಲ, ಎದ್ದು ನಿಂತಿದ್ದಾಳೆ, ಯಾವಾಗ, ಯಾವಾಗ ಆದದ್ದು, ಮೂರು ವರ್ಷದ ಹಿಂದೆ ಈ ಮನೆಗೆ ಬಂದಾಗ, ಸಾಮಾನು ಸಾಗಿಸಿದ ದಿನ, ಅಳಿಯ ಕೊಳವೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಅತ್ತೆ, ಗಾಜು ಕುಲುಕ್ತಿದೆ, ನಾನು ಬಿಗಿ ಮಾಡ್ಕೊಡ್ತೀನಿ, ಎಂದದ್ದು, ಇವಳು ಪಾತ್ರೆ ಪೆಟ್ಟಿಗೆಯ ಮುಂದೆ ನಿಂತು, ಹೂಂ ಅಂದದ್ದು, ಹೌದು, ಹೂಂ ಅಂದಿದ್ದಳು, ಅವನ ಒಳ್ಳೆಯತನಕ್ಕೆ ಮನಸ್ಸು ತುಂಬಿಯೂ ಬಂದಿತ್ತು. ಲಿಫ್ಟ್ ರಿಪೇರಿ ಮಾಡುವವನು, ಹಗ್ಗ ಹಲ್ಲುಗಾಲಿಗಳ ನಡುವೆ ಬಾಳುವವನು, ಒಂದು ನಟ್ಟು ಸಡಿಲ ಇದ್ರೆ ಹತ್ತು ಜನ ಹೋಗ್ತಾರೆ ಅತ್ತೆ, ಎನ್ನುವವನು, ಅವನಿಗೆ ಪ್ರೀತಿ ಎಂದರೂ ಬಿಗಿಯುವುದೇ, ಉಪ್ಪಿನ ಡಬ್ಬಿ ಮುಚ್ಚಿದರೆ ಮನೆಯವರೆಲ್ಲ ಸೇರಿ ತೆಗೆಯಬೇಕು, ಮಗುವಿನ ಸೈಕಲ್ಲು, ಬಾಗಿಲ ಚಿಲಕ, ಬಚ್ಚಲ ನಲ್ಲಿ, ಸದ್ಯ ಹೆಂಡತಿಗೆ ನಟ್ಟಿಲ್ಲ. ಅವನ ಮೇಲೆ ಎಷ್ಟು ಕೋಪ ಬರಬೇಕೋ ಅಷ್ಟು ಬಂತು, ಸ್ವಲ್ಪ ನಗುವೂ ಬಂತು, ಆದರೆ ಎದೆಯಲ್ಲಿ ಕುದಿಯುತ್ತಿರುವುದು ಅದಲ್ಲ, ಅವನದ್ದೊಂದು ತಪ್ಪು, ಒಂದು ಮಧ್ಯಾಹ್ನದ ತಪ್ಪು, ಅವಳದ್ದು ಮೂರು ವರ್ಷದ್ದು. ತಲೆ ವಾಲಿಸಿ ನೋಡಬೇಕಿತ್ತು. ಕಣ್ಣಿನ ದೋಷವಾದರೆ ತಲೆ ವಾಲಿಸಿದಾಗ ಮೂಲೆಗಳೂ ವಾಲುತ್ತವೆ, ಕನ್ನಡಿಯದಾದರೆ ಅಲ್ಲೇ ನಿಲ್ಲುತ್ತವೆ, ಒಂದು ಕಾಲಕ್ಕೆ ಇದೇ ಸಂಘಕ್ಕೆ ಹೊಸದಾಗಿ ಬಂದವರಿಗೆಲ್ಲ ಇದನ್ನು ಹೇಳಿಕೊಟ್ಟವಳೇ ಅವಳು, ತಾನು ಒಂದೇ ಒಂದು ಸಲ ಕತ್ತು ವಾಲಿಸಲಿಲ್ಲ. ಯಾಕೆ, ಯಾಕೆಂದರೆ ಈ ವಯಸ್ಸಿಗೆ ಏನು ಕೆಟ್ಟರೂ ಕೆಟ್ಟದ್ದು ನೀನೇ ಎಂದು ಎಲ್ಲರೂ ಮೆತ್ತಗೆ ಹೇಳುತ್ತಾರೆ, ಹೇಳಿ ಹೇಳಿ, ಕೊನೆಗೆ ಯಾರೂ ಹೇಳದಿದ್ದರೂ ನಾವೇ ಹೇಳಿಕೊಳ್ಳುತ್ತೇವೆ, ಮಿಕ್ಸಿ ಕೆಟ್ಟರೆ ಮಿಕ್ಸಿ ಕೆಟ್ಟಿತು ಅನ್ನುತ್ತೇವೆ, ನಕ್ಷತ್ರ ಕೆಟ್ಟರೆ ನನ್ನ ಕಣ್ಣು ಅನ್ನುತ್ತೇವೆ. ನಾಚಿಕೆಯಾಗಬೇಕು. ಆಯಿತು, ನಾಚಿಕೆಯೂ ಆಯಿತು, ಅದು ಮುಗಿಯಿತು, ಈಗ ಸ್ಕ್ರೂಡ್ರೈವರು ಎಲ್ಲಿ.

ಹಿಡಿಗೆ ಕೈವಸ್ತ್ರ ಸುತ್ತಿದಳು, ಸಾಲದು, ಟವೆಲ್ಲನ್ನೇ ಸುತ್ತಿದಳು, ಈಗ ಮುಷ್ಟಿ ತುಂಬ ಸಿಗುತ್ತದೆ, ಎದೆಯ ಭಾರ ಹಾಕಿ ತಿರುಗಿಸಿದರೆ ಒಂದೊಂದೇ ಕ್ಲಿಪ್ಪು ಕಿರ್ ಎಂದು ಬಿಟ್ಟುಕೊಟ್ಟಿತು, ಗಂಟೆ ಎರಡೂಕಾಲು, ಅಳಿಯಂದಿರೇ ನಿಮ್ಮ ಕೈಗೆ ಒಂದು ದೊಡ್ಡ ನಮಸ್ಕಾರ. ಚಪ್ಪಟೆ ರಬ್ಬರುಗಳನ್ನು ಕಿತ್ತು ಬಿಸಾಡಿ, ಹಳೇ ಚಪ್ಪಲಿಯ ತೆಳುಪಟ್ಟಿ ಕತ್ತರಿಸಿ ಅಂಟಿಸಿದಳು, ಹಾಳೆಯಷ್ಟು ಸಂದು ಬಿಟ್ಟಳು, ಡಾಕ್ಟರ ಚೀಟಿ ಸುಯ್ಯೆಂದು ಒಳಗೆ ಹೋಗಿ ಹೊರಗೆ ಬಂತು, ಮೂರಕ್ಕೂ ಬಂತು, ಅದರಿಂದ ಕೊನೆಗೂ ಒಂದು ಉಪಕಾರ. ಫೋನು. ಅಮ್ಮಾ, ಎಲ್ಲ ಕಟ್ಟಿಟ್ಟಿದ್ದೀಯಾ, ಅವರು ಹೊರಟ್ರಂತೆ. ಬಿಚ್ಚಿಟ್ಟಿದ್ದೀನಿ. ಬಿಚ್ಚಿಟ್ಟಿದ್ದೀಯಾ, ಅಯ್ಯೋ ಯಾಕಮ್ಮಾ, ಇವ್ರು ಬಂದು ಮಾಡ್ತಿದ್ರಲ್ಲ. ಇವ್ರು ಬಂದು ಮಾಡಿದ್ದು ಸಾಕು ಕಣೇ, ಇಡ್ತೀನಿ, ಕೈ ಖಾಲಿ ಇಲ್ಲ. ಕೈ ಖಾಲಿ ಇಲ್ಲ ಎಂದು ಎಷ್ಟು ದಿನದ ಮೇಲೆ ಹೇಳಿದಳು. ತಟ್ಟೆ ಒಳಗೆ, ಸ್ಪ್ರಿಂಗು, ಅದರ ಮೇಲೆ ಹಿತ್ತಾಳೆ, ಮೊದಲನೆಯ ಸ್ಕ್ರೂ ಎಳೆ ಹಿಡಿಯುವುದಕ್ಕೆ ಸ್ವಲ್ಪ ಸತಾಯಿಸಿತು, ಹಿಡಿಯಿತು, ಹೆಬ್ಬೆರಳು ತನ್ನ ಗುಳಿಯಲ್ಲಿ ಕೂತಿತು, ತೋರುಬೆರಳು ತನ್ನದರಲ್ಲಿ, ನೋವಿಲ್ಲ ಎಂದಲ್ಲ, ನೋವಿದೆ, ಆದರೆ ನೋವನ್ನು ದಾಟಿ ಸ್ಕ್ರೂ ತಿರುಗುತ್ತಿದೆ, ಅವಳು ತಿರುಗು ಎಂದರೆ ತಿರುಗುತ್ತದೆ, ನಿಲ್ಲು ಎಂದರೆ ನಿಲ್ಲುತ್ತದೆ. ಇನ್ನು ಕನ್ನಡಿ ನೆಟ್ಟಗೆ ಮಾಡುವುದು. ಕೊಳವೆಯ ಬಾಯಿಯ ಹತ್ತಿರ ಕಣ್ಣಿಡುವ ಜಾಗಕ್ಕೆ ಸೂಜಿತೂತಿನ ಮುಚ್ಚಳ ಹಾಕಿ ಇಣುಕಿದಳು, ಕನ್ನಡಿಯ ನಡುವೆ ಅಂಟಿಸಿದ ಪುಟ್ಟ ಉಂಗುರ, ಉಂಗುರದ ಆಚೆ ಎಲ್ಲೋ ಸೂಜಿತೂತಿನ ಬಿಂಬ, ಕಪ್ಪು ಚುಕ್ಕೆ, ಚುಕ್ಕೆ ಉಂಗುರದೊಳಕ್ಕೆ ಬರಬೇಕು. ಮುಂಚೆ ಇದಕ್ಕೆ ಇಬ್ಬರು ಬೇಕಿತ್ತು, ಅಳಿಯ ಹಿಂದೆ ಕೂತು ಕಡ್ಡಿ ತಿರುಗಿಸುವುದು, ಇವಳು ಇಣುಕಿ, ಎಡಕ್ಕೆ, ಅಯ್ಯೋ ನಿಮ್ಮ ಎಡ ಅಲ್ಲ ನನ್ನ ಎಡ, ಸಾಕು, ಜಾಸ್ತಿ ಆಯ್ತು, ಬಿಡಿ. ಈಗ ಕಣ್ಣು ಮುಂದೆ, ಕೈ ಹಿಂದೆ ಚಾಚಿದೆ, ಕೊಳವೆ ಅಷ್ಟೇನೂ ಉದ್ದವಿಲ್ಲ, ಕುತ್ತಿಗೆ ಸ್ವಲ್ಪ ಉಳುಕಿದರೆ ಉಳುಕಲಿ, ಕೆಳಗಿನ ಸ್ಕ್ರೂ ಅರ್ಧ ಸುತ್ತು, ಚುಕ್ಕೆ ಹತ್ತಿರ ಬಂತು, ಬಲದ್ದು ಕಾಲು ಸುತ್ತು, ಬಾ, ಬಾ, ಹೋಯಿತು, ವಾಪಸು ಬಾ, ಅಲ್ಲಿಗೆ, ಒಳಗೆ. ಮೂರು ನಿಮಿಷವೂ ಆಗಲಿಲ್ಲ. ಯಾರನ್ನೂ ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ ಎಂಬುದು ಗೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡಳು.

ಆದರೆ ಇದು ಸಾಲದು, ಚುಕ್ಕೆ ಉಂಗುರದೊಳಗೆ ಬಂದರೆ ಕನ್ನಡಿ ನೆಟ್ಟಗಾಯಿತು ಅಷ್ಟೇ, ಗಾಜು ಬಿಡುಗಡೆಯಾಯಿತೋ ಇಲ್ಲವೋ ನಕ್ಷತ್ರವೇ ಹೇಳಬೇಕು, ನಕ್ಷತ್ರಕ್ಕೆ ಕತ್ತಲಾಗಬೇಕು, ಕತ್ತಲಾಗುವ ಹೊತ್ತಿಗೆ ಇದು ವ್ಯಾನಿನಲ್ಲಿರುತ್ತದೆ — ಇಲ್ಲ, ಕಾಯುವುದಿಲ್ಲ, ಹಗಲಿಗೂ ಒಂದು ನಕ್ಷತ್ರವಿದೆ. ಕುರ್ಚಿಗಳನ್ನು ಕಂಬಳಿ ಸಮೇತ ಎಳೆದು ಕೊಳವೆಯ ಬಾಯಿಯನ್ನು ಬಾಲ್ಕನಿಗೆ ತಿರುಗಿಸಿದಳು, ಬಿಸಿಲು ಮನೆಯ ಬೆನ್ನಿಗಿದೆ, ಭಯವಿಲ್ಲ, ಎದುರು ಟೆರೇಸುಗಳು, ಒಣಗುವ ಬಟ್ಟೆ, ನೀರಿನ ಟ್ಯಾಂಕುಗಳು, ಅವುಗಳಾಚೆ ದೂರದಲ್ಲಿ ಕರೆಂಟು ಕಂಬ, ಕಂಬದ ನೆತ್ತಿಯಲ್ಲಿ ತಂತಿ ಕಟ್ಟುವ ಗಾಜಿನ ಬಟ್ಟಲು, ಅದರ ಮೇಲೆ ಬಿಸಿಲು ಬಿದ್ದು ಒಂದು ಕಿಡಿ, ಅದೇ ಹಗಲಿನ ನಕ್ಷತ್ರ. ಮುಚ್ಚಳ ತೆಗೆದು ದಪ್ಪ ಮಸೂರ ಹಾಕಿದಳು, ಕೊಳವೆಯಡಿಗೆ ದಿಂಬು ತುರುಕಿದಳು, ಹುಡುಕಿದಳು, ಯಾರದೋ ಅಂಗಿಯ ತೋಳು, ಟ್ಯಾಂಕಿನ ತುಕ್ಕು, ತಂತಿ, ತಂತಿಯ ಜೊತೆಗೇ ಹೋಗು, ಹೋಗು, ಕಾಲಿಂಗ್ ಬೆಲ್. ಬಂದರು. ಮೂರೂ ಮುಕ್ಕಾಲಿಗೇ ಬಂದುಬಿಟ್ಟರು. ಅತ್ತೆ, ಬಾಗಿಲು ತೆಗೀರಿ, ಕಾರ್ಯದರ್ಶಿಗಳೂ ಬಂದಿದ್ದಾರೆ, ವ್ಯಾನು ಅಡ್ಡ ನಿಂತಿದೆ. ನಿಲ್ಲಲಿ. ಮತ್ತೆ ಬೆಲ್, ಬಾಗಿಲು ಬಡಿತ, ಅತ್ತೆ, ಹುಷಾರಾಗಿದ್ದೀರಾ. ಹುಷಾರಾಗಿದ್ದೀನಿ ಅಳಿಯಂದಿರೇ, ಎಂದು ಕೂಗಿದಳು, ಕಣ್ಣು ತೆಗೆಯಲಿಲ್ಲ, ವ್ಯಾನು ವಾಪಸು ಕಳಿಸಿ, ನಾನು ಕೊಡಲ್ಲ. ಬಡಿತ ನಿಂತಿತು, ಬಾಗಿಲಾಚೆ ಗುಸುಗುಸು, ಪಾಪ ಎಂಬ ಮಾತು ಕೇಳಿಸಿತೋ ಏನೋ, ಕೇಳಿಸಲಿ, ತಂತಿ ಮುಗಿದು ಬಟ್ಟಲು ಬಂತು, ಬಟ್ಟಲ ಅಂಚು, ಅಂಚಿನಲ್ಲಿ ಬೆಳಕು ಹರಡಿಕೊಂಡು ಹಿಟ್ಟಿನ ಹಾಗೆ ಮಸುಕಾಗಿದೆ, ಊದಿದ ಬೆರಳು ಗುಂಡಿ ತಿರುಗಿಸುತ್ತದೆ, ಮಸುಕು ಕುಗ್ಗುತ್ತದೆ, ಇನ್ನೂ ಕುಗ್ಗುತ್ತದೆ, ಬಿಸಿಲ ಝಳಕ್ಕೆ ನಡುಗುತ್ತದೆ, ಉಸಿರು ಹಿಡಿದಳು, ಕಿಡಿ, ಕಿಡಿ ದುಂಡಗಿದೆ, ಮೂಲೆ ಎಲ್ಲಿ, ಮೂಲೆ ಇಲ್ಲ, ನಡುಗುತ್ತಲೇ ದುಂಡಗಿದೆ, ಎಡಗಣ್ಣಿಟ್ಟಳು, ದುಂಡಗೆ, ಬಲಗಣ್ಣಿಟ್ಟಳು, ಕಿಡಿ, ದುಂಡಗೆ, ಕಿಡಿ,