ಸೊನ್ನೆ ಬರುವ ತನಕ

ಯಾರೋ ಕುಡಿದಿಟ್ಟ ಲೋಟಗಳನ್ನು ಮೊಣಕೈಯಿಂದ ಸರಿಸಿ, ಲ್ಯಾಪ್‌ಟಾಪನ್ನು ಮೇಷ್ಟ್ರ ಅಡುಗೆಮನೆಯ ಮೇಜಿನ ಮೇಲಿಟ್ಟು ಅವಳು ದೂರದ ಲ್ಯಾಬಿನ ವೋಲ್ಟೇಜನ್ನು ಅಲ್ಲಿಂದಲೇ ಹತ್ತು ಹತ್ತಾಗಿ ಇಳಿಸತೊಡಗಿದಳು. ನಡುಮನೆಯಲ್ಲಿ ತೀರಿಹೋದ ಮೇಷ್ಟ್ರನ್ನು ಮಲಗಿಸಿದ್ದರು. ಪಾಠ ಹೇಳಿದ ಮೇಷ್ಟ್ರೇನಲ್ಲ, ಅವಳ ಲ್ಯಾಬಿನ ಹಿರಿಯ ಟೆಕ್ನೀಷಿಯನ್, “ಸೊನ್ನೆ ಬಂತಾ?” ಎಂದು ದಿನಕ್ಕೆ ನೂರು ಸಲ ಕೇಳಿ ಕೇಳಿ ಸೊನ್ನೆ ಮೇಷ್ಟ್ರಾದವರು. ನಾಲ್ಕು ಗಂಟೆಗೆ ಎತ್ತುವುದೆಂದು ಮಾತಾಗಿತ್ತು.

ಅವರ ಹೆಂಡತಿ ಬಂದು ಪಕ್ಕದಲ್ಲಿ ಕೂತರು.

“ಇದನ್ನೇನಾ ಮಗಳೇ, ಇವರು ಭಾನುವಾರನೂ ನೋಡೋಕೆ ಓಡ್ತಿದ್ದಿದ್ದು?”

“ಇದನ್ನೇ ಅಮ್ಮ. ಮೂರು ಪವರ್ ಸಪ್ಲೈ. ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸಿಗೆ, ಹಾಗೇ ಸಾಲಾಗಿ. ಒಂದೊಂದು ನೂರು, ಸೇರಿದ್ರೆ ಮುನ್ನೂರು ವೋಲ್ಟ್. ಇಳಿಸೋವಾಗ ಮೂರೂ ಒಟ್ಟಿಗೇ ಇಳೀಬೇಕು. ಸಾರ್ ಶುರು ಮಾಡಿದ ಪರೀಕ್ಷೆ, ಇವತ್ತಿಗೆ ಸಾವಿರ ಗಂಟೆ ಮುಗೀತು.”

“ಸಾವಿರ ಗಂಟೆ! ನನ್ನ ಹತ್ರ ಒಂದು ಗಂಟೆ ಕೂತವರಲ್ಲ,” ಎಂದು ನಗಲು ಹೋದವರು ಅತ್ತುಬಿಟ್ಟರು.

ಲ್ಯಾಬಿನ ಮ್ಯಾನೇಜರ್ ಬಾಗಿಲಲ್ಲಿ ಇಣುಕಿದ. “ಮೂರೂ ಸೊನ್ನೆ ತೋರಿಸ್ತಿದೆಯಲ್ಲ. ಮುಚ್ಚಿಡಮ್ಮ. ನಾಲ್ಕಕ್ಕೆ ಮುಂದಿನ ಪಾಳಿಯವರು ಲ್ಯಾಬಿಗೆ ಬಂದು ತಂತಿ ಬಿಚ್ಕೋತಾರೆ.”

ಅವಳ ಕೈ ಅಲ್ಲೇ ನಿಂತಿತು.

* * *

ಕೆಲಸಕ್ಕೆ ಸೇರಿದ ಮೊದಲ ವಾರ, ಸ್ಕ್ರೀನಿನಲ್ಲಿ ಸೊನ್ನೆ ಕಂಡು ಅವಳು ತಂತಿಗೆ ಕೈ ಚಾಚಿದ್ದಳು. ಮೇಷ್ಟ್ರು ಮಣಿಕಟ್ಟು ಹಿಡಿದೆಳೆದರು. ಮೀಟರ್ ಇಟ್ಟು ನೋಡಿದರೆ ನೂರಾ ಎಂಬತ್ತು ವೋಲ್ಟ್! ಪರೀಕ್ಷೆಗಿಟ್ಟ ಕೆಪಾಸಿಟರುಗಳು ತುಂಬಿಕೊಂಡ ಕರೆಂಟನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

“ಸ್ಕ್ರೀನ್ ತೋರಿಸೋದು ನೀನು ಕೊಟ್ಟ ಆರ್ಡರ್‌ನ. ಏನು ಉಳಿದಿದೆ ಅಂತ ಮೀಟರೇ ಹೇಳಬೇಕು. ಎಡಗೈ ಯಾವಾಗ್ಲೂ ಜೇಬಲ್ಲಿರಲಿ. ಎರಡೂ ಕೈ ಇಟ್ಟರೆ ಕರೆಂಟು ಎದೆಯೊಳಗಿಂದ್ಲೇ ಹಾದುಹೋಗುತ್ತೆ.”

ಅವಳ ಕೋಟಿಗೆ ಜೇಬಿರಲಿಲ್ಲ. ಮರುದಿನ ತಾವೇ ಒಂದು ಹೊಲಿದು ತಂದರು. ಹೊಲಿಗೆ ಮಾತ್ರ ದೇವರಿಗೇ ಪ್ರೀತಿ.

* * *

“ಅಮ್ಮ, ನಾನೇ ಹೋಗಿ ಅಳೆದು ನೋಡಬೇಕು. ಫೋನಲ್ಲಿ ಹೇಳಿದ್ರೂ ಪಾಳಿಯವರು ಸ್ಕ್ರೀನ್ ನಂಬಿ ಕೈ ಹಾಕಿಬಿಡ್ತಾರೆ. ಆದ್ರೆ ನಾಲ್ಕರೊಳಗೆ ವಾಪಸ್ ಬರೋಕಾಗಲ್ಲ.”

“ಕೊನೇ ಸಲ ಮುಖ ನೋಡೋದು ಬಿಟ್ಟು?” ಎಂದ ಮ್ಯಾನೇಜರ್.

“ಹೋಗಲಿ ಬಿಡಿ,” ಎಂದರು ಹೆಂಡತಿ. “ಮದುವೆ ದಿನಾನೂ ಲ್ಯಾಬಿಗೆ ಹೋಗಿ ಬಂದ ಮನುಷ್ಯ ಅವರು.”

ನಡುಮನೆ ದಾಟುವಾಗ ಅವಳು ಮೇಷ್ಟ್ರ ಮುಖ ನೋಡಲಿಲ್ಲ. ನೋಡಿದ್ದರೆ ಕಾಲು ಕೀಳಲಾಗುತ್ತಿರಲಿಲ್ಲ.

ಲ್ಯಾಬಿನಲ್ಲಿ ಪಾಳಿಯವರು ಆಗಲೇ ತಂತಿಯ ಹತ್ತಿರ ನಿಂತಿದ್ದರು. ಅವರನ್ನು ಹಿಂದೆ ಸರಿಸಿ, ಕೋಟು ತೊಟ್ಟು, ಮೇಷ್ಟ್ರ ಮನೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಮೀಟರಿನ ಒಂದು ತಂತಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಇನ್ನೊಂದನ್ನು ಬಲಗೈಯಿಂದ ಮುಟ್ಟಿಸಿದಳು. ನಲವತ್ತೆರಡು. ಪಾಳಿಯವರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

ಫೋನಿನಲ್ಲಿ ಗದ್ದಲ ಕೇಳುತ್ತಿತ್ತು: “ನಾಲ್ಕೂ ಕಾಲಾಯ್ತು, ಎತ್ತೋಣ್ವಾ?”

“ಸೊನ್ನೆ ಬಂತಾ ಮಗಳೇ?” ಹೆಂಡತಿಯ ದನಿ.

“ಇನ್ನೂ ಹದಿನಾರಿದೆ ಅಮ್ಮ.”

“ಇರ್ರಪ್ಪಾ, ಇನ್ನೂ ಹದಿನಾರಿದೆಯಂತೆ!” ಎಂದು ಆಕೆ ಅಲ್ಲಿದ್ದವರನ್ನೆಲ್ಲ ಗದರಿಸಿದರು.

ಒಂಬತ್ತು. ಐದು. ಆ ಮನೆಯಲ್ಲೂ ಈ ಲ್ಯಾಬಿನಲ್ಲೂ ಎಲ್ಲರೂ ಸೊನ್ನೆಗೆ ಕಾಯುತ್ತಿದ್ದರು. ಮೂರು. ಅವಳ ಎಡಗೈ ಜೇಬಿನೊಳಗೆ ಆ ಸೊಟ್ಟ ಹೊಲಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.