ಯಾಕಣ್ಣನ ಹಾಳೆಯ ಹಿಂಬದಿ

ಯಾಕಣ್ಣ ಗುರುವಾರ ತೀರಿಕೊಂಡ. ಮತದಾನದ ದಿನ, ಬೆಳಿಗ್ಗೆ ಹತ್ತೂವರೆ ಗಂಟೆಗೆ, ಮತಗಟ್ಟೆಯ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ. ವಯಸ್ಸು ಅರವತ್ತೆಂಟು. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು. ಪಕ್ಕದಲ್ಲಿ ನಾನಿದ್ದೆ.

ಅವನ ನಿಜವಾದ ಹೆಸರು ನಮ್ಮ ಚುನಾವಣಾ ಸಮೀಕ್ಷೆಯ ಕಚೇರಿಯ ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮನೆ ಮನೆಗೆ ಹೋಗಿ "ಯಾರಿಗೆ ಓಟು ಹಾಕ್ತೀರಿ? ಯಾಕೆ?" ಎಂದು ಕೇಳಿ ಬರೆದುಕೊಂಡು ಬರುವುದು ಅವನ ಕೆಲಸ, ಅವನು ತಂದ ಹಾಳೆಗಳನ್ನು ಮೇಜಿನ ಮೇಲೆ ಹರವಿಕೊಂಡು ಲೆಕ್ಕ ಹಾಕುವುದು ನನ್ನದು. ಮೂವತ್ತು ವರ್ಷ ಚೀಲ ಹೊತ್ತ ಎಡಭುಜ ಒಂದು ಅಂಗುಲ ಕೆಳಕ್ಕಿಳಿದು, ನಡೆಯುವಾಗ ಯಾರದೋ ಗುಟ್ಟಿಗೆ ಕಿವಿಗೊಟ್ಟವನ ಹಾಗೆ ಸದಾ ಒಂದು ಕಡೆ ವಾಲಿರುತ್ತಿದ್ದ. ಎಂಥ ಸೆಕೆಯಲ್ಲೂ ಬೂದಿಬಣ್ಣದ ಕೋಟು ತೊಟ್ಟೇ ಬಾಗಿಲು ತಟ್ಟುತ್ತಿದ್ದ, ಒಳಗೆ ಹೋದಕೂಡಲೇ ಕಳಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. "ಕೋಟು ಹಾಕಿದವನನ್ನ ಜನ ಹೊರಗೆ ನಿಲ್ಲಿಸಲ್ಲ. ಕೋಟು ಬಿಚ್ಚಿದವನನ್ನ ಬೇಗ ಎಬ್ಬಿಸಲ್ಲ" ಎನ್ನುವುದು ಅವನ ಶಾಸ್ತ್ರ.

ಅವನ ವಿದ್ಯೆ ಇದ್ದದ್ದು ನೀರಿನಲ್ಲಿ. ಕಚೇರಿ ಕೊಟ್ಟ ಹಾಳೆಯಲ್ಲಿ ಅಭ್ಯರ್ಥಿಯನ್ನು ಮೆಚ್ಚಲು ಐದು ಕಾರಣಗಳು ಅಚ್ಚಾಗಿರುತ್ತಿದ್ದವು: ರಸ್ತೆ, ಬೆಲೆ, ಪಕ್ಷ, ವಿದ್ಯಾಭ್ಯಾಸ, ಅನುಭವ. ಜನ ಗಂಭೀರವಾಗಿ ಒಂದನ್ನು ಆರಿಸುತ್ತಿದ್ದರು, ಇವನೂ ಗಂಭೀರವಾಗಿ ಗುರುತು ಹಾಕುತ್ತಿದ್ದ. ಆಮೇಲೆ ಹಾಳೆ ಮಡಚಿ ಚೀಲಕ್ಕೆ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, "ಅಲ್ಲಿಗೆ ಮುಗೀತು. ಒಂದು ಲೋಟ ನೀರು ಸಿಗುತ್ತಾ?" ಎನ್ನುತ್ತಿದ್ದ. ಆ ನೀರನ್ನು ಅವನು ಕುಡಿಯುತ್ತಿದ್ದ ನಿಧಾನಕ್ಕೆ ಬಾವಿಯೇ ಬತ್ತಬೇಕು. ಪರೀಕ್ಷೆ ಮುಗಿದ ಮಕ್ಕಳ ಹಾಗೆ ಹಗುರಾದ ಜನ ಆಗ ಮಾತಾಡುತ್ತಿದ್ದರು. ಬೀದಿಗಿಳಿದವನು ಮೊದಲ ತಿರುವಿನಲ್ಲಿ ನಿಂತು, ಕೇಳಿದ್ದನ್ನು ಹಾಳೆಯ ಹಿಂಬದಿಗೆ ಬರೆದುಕೊಳ್ಳುತ್ತಿದ್ದ.

ಒಬ್ಬರು ನಿವೃತ್ತ ಹೆಡ್‌ಮಾಸ್ತರರು ಅರ್ಧ ಗಂಟೆ ಆಯವ್ಯಯದ ಮೇಲೆ ಪಾಠ ಹೇಳಿ 'ಅನುಭವ'ಕ್ಕೆ ಗುರುತು ಹಾಕಿಸಿದ್ದರು. ಹಿಂಬದಿಯಲ್ಲಿತ್ತು: "ಆ ಇನ್ನೊಬ್ಬ ನನ್ನ ಶಿಷ್ಯ ಕಣ್ರೀ. ಮೊನ್ನೆ ಎದುರಿಗೇ ಸಿಕ್ಕ, ಸ್ಕೂಟರ್ ನಿಲ್ಲಿಸಲಿಲ್ಲ." 'ಪಕ್ಷ' ಎಂದ ಅಜ್ಜಿಯೊಬ್ಬರ ಹಾಳೆಯ ಹಿಂಬದಿ: "ಆ ಇನ್ನೊಂದು ಪಕ್ಷದ ಹೆಂಗಸು ಥೇಟ್ ನನ್ನ ಸೊಸೆ ಹಾಗೇ ಮಾತಾಡ್ತಾಳೆ. ಮನೇಲಿ ಒಬ್ಬಳನ್ನ ಕೇಳೋದು ಸಾಲದಾ?"

ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ನಾನು ಒಮ್ಮೆ, "ಇಂಥ ಪೆದ್ದರ ಕೈಗೆ ಓಟು ಕೊಟ್ಟಿದ್ದಾರಲ್ಲೋ" ಎಂದಾಗ ಅವನು ನಗು ನಿಲ್ಲಿಸಿದ.

"ಪೆದ್ದರಲ್ಲ ಕಣೋ. ಆ ಮೇಷ್ಟ್ರಿಗೆ ಗೊತ್ತಾಗಿದೆ, ದೊಡ್ಡವನಾದ ಮೇಲೆ ಇವನು ಯಾರಿಗೂ ನಿಲ್ಲಲ್ಲ ಅಂತ. ಅದು ಸಣ್ಣ ವಿಷಯಾನಾ? ಹೊಟ್ಟೆಗೆ ಮೊದಲು ತಿಳಿಯುತ್ತೆ, ಬಾಯಿ ಆಮೇಲೆ ಕಾರಣ ಹುಡುಕ್ಕೊಂಡು ಬರುತ್ತೆ. ಕೆಲವು ಸಲ ಹೊಟ್ಟೇನೂ ಮೋಸ ಹೋಗುತ್ತೆ ಅನ್ನು. ಅದಕ್ಕೇ ಎರಡೂ ಕಡೆ ಓದಬೇಕು."

ನಮ್ಮ ಸಾಹೇಬರು ಮುಂಬದಿಯನ್ನಷ್ಟೇ ಓದುತ್ತಿದ್ದರು. ಫಲಿತಾಂಶ ಮಾತ್ರ ಸಾಮಾನ್ಯವಾಗಿ ಹಿಂಬದಿಯ ಮಾತು ಕೇಳುತ್ತಿತ್ತು.

ಐದು ವರ್ಷದ ಹಿಂದೆ, ಅವನ ನಿವೃತ್ತಿಯ ವರ್ಷ, ಅವನ ತಮ್ಮನೇ ನಗರಸಭೆಗೆ ನಿಂತ. ಬೀಗ ರಿಪೇರಿ ಅಂಗಡಿಯವನು, ಮಾತಿನಲ್ಲಿ ಚುರುಕು. ಒಂದು ಸಂಜೆ ನಾನು ಯಾಕಣ್ಣನ ಮನೆಯಲ್ಲಿ ಕೂತಿರುವಾಗ ಬಂದು ಕೇಳಿದ: "ಅಣ್ಣಾ, ಆ ಹಾಳೆಗಳನ್ನ ಎರಡು ದಿನ ಕೊಡು. ಯಾವ ಬೀದಿಯವರು ಯಾವ ಮಾತಿಗೆ ಕರಗ್ತಾರೆ ಅಂತ ಅದರಲ್ಲಿದೆ."

"ಅದು ನೀರು ಕೊಟ್ಟ ಮನೆಯ ಮಾತು. ಕೊಡಲ್ಲ."

"ಒಡಹುಟ್ಟಿದವನಿಗೂ?"

"ನಿನಗಂತೂ ಕೊಡಲ್ಲ."

ತಮ್ಮ ತನ್ನದೇ ದಾರಿ ಹಿಡಿದ. ಅವರ ತಾಯಿ ಹಿಂದಿನ ವರ್ಷ ರೈಲು ಹಳಿಯ ಮೇಲಿನ ಕಾಲುಸೇತುವೆಯ ಮುರಿದ ಮೆಟ್ಟಿಲಿನಿಂದ ಬಿದ್ದು, ಸೊಂಟ ಮುರಿದುಕೊಂಡು, ಮೂರು ತಿಂಗಳು ನರಳಿ ಹೋಗಿದ್ದರು. ಕೊನೆಯ ಸಭೆಯಲ್ಲಿ ಅವನು ಆ ತಾಯಿಯ ಒಡೆದ ಕನ್ನಡಕವನ್ನು ಮೇಲೆತ್ತಿ ಹಿಡಿದ. ಬಿಕ್ಕಿ ಅತ್ತ. ಇಡೀ ಮೈದಾನ ಕಣ್ಣೊರೆಸಿಕೊಂಡಿತು. ಸಭೆ ಮುಗಿದ ಮೇಲೆ ಯಾಕಣ್ಣ ಎಲ್ಲರೆದುರು ವೇದಿಕೆಯ ಬಳಿ ಹೋಗಿ, "ಅಮ್ಮನ್ನ ಮಾರಿಬಿಟ್ಯಲ್ಲೋ" ಎಂದ.

ತಮ್ಮ ಆ ಕನ್ನಡಕವನ್ನು ಜೇಬಿಗಿಟ್ಟುಕೊಂಡು ಹೇಳಿದ: "ಅಮ್ಮನ್ನ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ನಾನು. ನೀನು ಯಾರದೋ ಮನೇಲಿ ಯಾಕೆ, ಯಾಕೆ ಅಂತ ಕೇಳ್ಕೊಂಡು ಕೂತಿದ್ದೆ."

ಅಂದಿನಿಂದ ಮಾತು ನಿಂತಿತು.

ಆ ವಾರ ಯಾಕಣ್ಣ ತನ್ನದೇ ವಾರ್ಡಿನ ಸಮೀಕ್ಷೆ ಮಾಡಿ, ತಮ್ಮ ಸೋಲುತ್ತಾನೆ ಎಂದು ಖಡಾಖಂಡಿತವಾಗಿ ಬರೆದುಕೊಟ್ಟ. ತಮ್ಮ ಭಾರೀ ಅಂತರದಲ್ಲಿ ಗೆದ್ದ. ಕಚೇರಿಯಲ್ಲಿ ನಗೆಯೋ ನಗೆ. ಮರುದಿನ ಅವನು ಆ ಹಾಳೆಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಮಗುಚಿ ಹಾಕಿದ. ಹಿಂಬದಿಗಳೆಲ್ಲ ಖಾಲಿ.

"ನೀರು ಕೇಳಲೇ ಇಲ್ಲ ಕಣೋ, ಒಂದು ಮನೇಲೂ. ಅವನ ಬಗ್ಗೆ ಒಳ್ಳೇದು ಹೇಳಿಬಿಡ್ತಾರೆ ಅಂತ ಕೋಟು ಬಿಚ್ಚದೆ ಎದ್ದು ಬಂದೆ. ಬೇರೆಯವರ ಸಿಟ್ಟನ್ನ ಮೂವತ್ತು ವರ್ಷ ಓದಿದೆ, ನನ್ನದು ಕಾಣಲಿಲ್ಲ." ಖಾಲಿ ಹಾಳೆಗಳನ್ನು ಮತ್ತೆ ಕಟ್ಟುತ್ತಾ ಅಂದ: "ಅವನು ಅತ್ತಿದ್ದು ನಿಜವೇ ಇರಬಹುದು."

ಹಾಗಂತ ಅವನಿಗೇ ಹೋಗಿ ಹೇಳು ಎಂದೆ. ಹೋಗಲಿಲ್ಲ. ಹಟ ಆ ಮನೆತನದ ಆಸ್ತಿ, ಅಣ್ಣತಮ್ಮಂದಿರಿಗೆ ಸಮಪಾಲು. ತಮ್ಮ ಗೆದ್ದ ವರ್ಷವೇ ಸೇತುವೆಯ ಮೆಟ್ಟಿಲು ಕಟ್ಟಿಸಿದ, ಕಬ್ಬಿಣದ ಕಂಬಿ ಹಾಕಿಸಿದ, ದೀಪ ಇಡಿಸಿದ. ಉಳಿದ ಭರವಸೆಗಳಲ್ಲಿ ಅರ್ಧ ಮರೆತ. ಯಾಕಣ್ಣ ಐದು ವರ್ಷ ಆ ಸೇತುವೆ ಹತ್ತಲಿಲ್ಲ. ಸಂತೆಗೂ ಆಸ್ಪತ್ರೆಗೂ ಸುತ್ತುದಾರಿಯಲ್ಲೇ ಹೋದ.

ಕಳೆದ ತಿಂಗಳು ಎರಡನೆಯ ಸಲ ಎದೆನೋವು ಬಂದಾಗ ಅವನು ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ಅವನ ಜೊತೆ ಮಾತಾಡದೇ ಹೋಗಿಬಿಡ್ತೀನೇನೋ?"

ಗುರುವಾರ ಬೆಳಿಗ್ಗೆ, ವೈದ್ಯರು ಬೇಡವೆಂದರೂ ಓಟು ಹಾಕಲು ಹೊರಟ. ಮತಗಟ್ಟೆ ಸೇತುವೆಯ ಆಚೆ. ಸುತ್ತುದಾರಿಗೆ ಕಾಲಿನಲ್ಲಿ ಬಲವಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತ, ಕಂಬಿಯನ್ನು ಹಿಡಿದು ಎರಡು ಸಲ ಅಲ್ಲಾಡಿಸಿ ನೋಡಿದ, ಹತ್ತಿದ. ಆಚೆ ಕಡೆ ರಸ್ತೆಯಂಚಿನಲ್ಲಿ ಕಾರ್ಯಕರ್ತರ ನಡುವೆ ತಮ್ಮ ನಿಂತಿದ್ದ. ಮತ್ತೆ ಅವನೇ ಅಭ್ಯರ್ಥಿ. ಅಣ್ಣನನ್ನು ಕಂಡು ಮುಖ ಬಿಳಿಚಿತು. ಯಾಕಣ್ಣ ನೋಡದೆ ಒಳಗೆ ಹೋದ. ಹೊರಬಂದಾಗ ನಾನು ತಡೆಯಲಾರದೆ ಕೇಳಿದೆ, "ಯಾರಿಗೆ ಹಾಕ್ದೆ?"

"ನಿಂಗ್ಯಾಕೋ ಅದು?" ಎಂದು ನಕ್ಕ.

ಮನುಷ್ಯರ ಮನಸ್ಸನ್ನು ಓದಲು ಹೊರಟವರಲ್ಲಿ ಎರಡು ಬಗೆ. ಭಾವನೆಯೆಂಬುದು ಬುದ್ಧಿಯ ಕಾಯಿಲೆಯೆಂದು ತಿಳಿದು, ಅದನ್ನು ಬಳಸಿಕೊಳ್ಳುವವರು ಅಥವಾ ಹೀಯಾಳಿಸುವವರು ಬಹಳ ಮಂದಿ. ಭಾವನೆಯೂ ಒಂದು ಬಗೆಯ ತಿಳಿವಳಿಕೆ, ಅದಕ್ಕೂ ತಪ್ಪು ಮಾಡುವ ಹಕ್ಕಿದೆ ಎಂದು ಒಪ್ಪಿ, ಕೊನೆಗೆ ತಾವೂ ತಪ್ಪುವವರ ಸಾಲಿನಲ್ಲೇ ನಿಲ್ಲುವವರು ಕೆಲವರೇ. ಊರಿಗೆ ಬೇಕಾದವರು ಅವರು. ಯಾಕಣ್ಣ ಅವರಲ್ಲೊಬ್ಬ ಎಂದು ನಾನು ಯಾರೆದುರಾದರೂ ಹೇಳಬಲ್ಲೆ.

ಅವನು ನೇರ ತಮ್ಮನ ಬಳಿ ಹೋದ. ಕಾರ್ಯಕರ್ತರು ದಾರಿ ಬಿಟ್ಟರು.

"ಬೆಳಿಗ್ಗೆಯಿಂದ ಏನಾದರೂ ತಿಂದ್ಯೇನೋ?"

ತಮ್ಮ ಇಲ್ಲವೆಂದು ತಲೆಯಾಡಿಸಿದ. ಯಾಕಣ್ಣ ಅವನ ತೋಳು ಹಿಡಿದು ಚಹಾ ಅಂಗಡಿಗೆ ಕರೆತಂದು, ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಕೂತು, ಒಂದು ಬನ್ನು ತರಿಸಿದ. ಅದನ್ನು ಎರಡಾಗಿ ಮುರಿದ, ಎರಡು ತುಂಡನ್ನೂ ನೋಡಿದ, ದೊಡ್ಡದನ್ನು ತಮ್ಮನ ಕೈಗಿಟ್ಟ.